ವಿಲಿಯಂ ಕೇರಿ ಸಾಹೇಬರ ಕೈಗೂಡದ ಕೆಲಸಗಳು

ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ನಮ್ಮ ಸಭೆಗಳ ಹಿರಿಯರು ಸಂಜೆಯ ಹೊತ್ತು ಜಗಲಿಯಲ್ಲಿ ಕೂತು ಮಾತಾಡುವುದನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಅರ್ಧಕ್ಕೆ ನಿಂತುಹೋದ ಬಾವಿ, ಓದಿಸಲಾರದೆ ಹೋದ ಮಗ, ಕೊಳ್ಳಬೇಕೆಂದಿದ್ದು ಇನ್ನೊಬ್ಬರ ಪಾಲಾದ ಗದ್ದೆ, ಈ ಸಂಗತಿಗಳೇ ಆ ಮಾತುಗಳಲ್ಲಿ ಹೆಚ್ಚು. ನಮ್ಮ ಮಟ್ಟಿಗೆ ಹೇಳುವುದಾದರೆ, ಇಬ್ರಿಯ ಭಾಷೆಯನ್ನು ಕಲಿತು ಹಳೇ ಒಡಂಬಡಿಕೆಯನ್ನು ಮೂಲದಲ್ಲಿಯೇ ಓದಬೇಕೆಂದು ಯೌವನದಲ್ಲಿ ಕೊಂಡ ವ್ಯಾಕರಣ ಪುಸ್ತಕವು ಈಗಲೂ ನಮ್ಮ ಪೆಟ್ಟಿಗೆಯಲ್ಲಿದೆ. ಅದರ ಮೊದಲಿನ ಮೂವತ್ತು ಪುಟಗಳಲ್ಲಿ ನಮ್ಮ ಬೆರಳಿನ ಗುರುತುಂಟು. ಉಳಿದವುಗಳಲ್ಲಿ ಗೆದ್ದಲಿನ ಗುರುತು ಮಾತ್ರ.

ಇಂಥ ಮಾತು ಬಂದಾಗಲೆಲ್ಲಾ ನಮ್ಮ ನೆನಪಿಗೆ ಬರುವವರು ಶ್ರೀರಾಮಪುರದ ವಿಲಿಯಂ ಕೇರಿ ಸಾಹೇಬರು. ಇದನ್ನೋದಿ ವಾಚಕರಿಗೆ ಆಶ್ಚರ್ಯವಾದೀತು. ನಲವತ್ತರ ಸಮೀಪದ ಭಾಷೆಗಳಲ್ಲಿ ಸತ್ಯವೇದವನ್ನಾಗಲಿ ಅದರ ಭಾಗಗಳನ್ನಾಗಲಿ ಅಚ್ಚು ಹಾಕಿಸಿದ ಪಂಡಿತರೆಂದೂ ಹಿಡಿದುದನ್ನೆಲ್ಲಾ ಸಾಧಿಸಿದವರೆಂದೂ ನಾವು ಭಾನುವಾರದ ಶಾಲೆಯಿಂದ ಅವರನ್ನು ಬಲ್ಲೆವು. ಅದು ಸುಳ್ಳಲ್ಲ. ಆದರೆ ಅವರು ಮಾಡಬೇಕೆಂದು ಹೊರಟು ಮಾಡಲಾರದೆ ಹೋದ ಕೆಲಸಗಳ ಪಟ್ಟಿಯು ಮಾಡಿ ಮುಗಿಸಿದವುಗಳ ಪಟ್ಟಿಗಿಂತ ಬಹಳ ಗಿಡ್ಡವಾದುದಲ್ಲ. ಆ ಎರಡನೆಯ ಪಟ್ಟಿಯನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಈ ತಿಂಗಳು ನಾವು ಅದನ್ನೇ ಹೇಳುತ್ತೇವೆ.

ಅವರು ೧೭೬೧ನೆಯ ಇಸವಿ ಆಗಸ್ಟ್ ೧೭ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ನೇಕಾರನಾಗಿದ್ದು ತರುವಾಯ ಹಳ್ಳಿಯ ಶಾಲೆಯ ಉಪಾಧ್ಯಾಯನಾದವನು. ಹುಡುಗನಿಗೆ ಗಿಡಮರಗಳೆಂದರೆ ಪ್ರಾಣ. ಹೊಲತೋಟಗಳ ಕೆಲಸ ಮಾಡಿ ಬದುಕಬೇಕೆಂಬುದೇ ಅವನ ಆಸೆ. ಆದರೆ ಅವನಿಗೊಂದು ಚರ್ಮದ ಬೇನೆಯಿತ್ತು, ಬಿಸಿಲು ತಾಗಿದರೆ ಅದು ಕೆರಳುವುದು. ಆದಕಾರಣ ನೆರಳಿನಲ್ಲಿ ಕೂತು ಮಾಡುವ ಕಸುಬನ್ನು ಹುಡುಕಬೇಕಾಗಿ, ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ ಒಬ್ಬ ಜೋಡು ಹೊಲಿಯುವವನ ಕೈಕೆಳಗೆ ಸೇರಿಸಲ್ಪಟ್ಟನು. ಕೈಗೂಡದ ಆಸೆಗಳಲ್ಲಿ ಇದೇ ಮೊದಲನೆಯದು. ಬಿಸಿಲಿಗೆ ಹೆದರಿ ಒಳಗೆ ಕೂತ ಆ ಹುಡುಗನು ಮುಂದೆ ಬಂಗಾಳದ ಬಿಸಿಲಿನಲ್ಲಿ ನಲವತ್ತು ವರ್ಷ ತೋಟ ಮಾಡಿದನೆಂಬುದು ಬೇರೆ ಮಾತು.

ಜೋಡು ಹೊಲಿಯುತ್ತಲೇ ಲತೀನ, ಗ್ರೀಕ, ಇಬ್ರಿಯ ಭಾಷೆಗಳನ್ನು ಕಲಿತು, ಬೋಧಕನಾಗಿ, ಕುಕ್ ಎಂಬ ನಾವಿಕನ ಪ್ರವಾಸಗಳನ್ನು ಓದಿ, ದಕ್ಷಿಣ ಸಮುದ್ರದ ತಾಹಿತಿ ದ್ವೀಪಕ್ಕೆ ಸುವಾರ್ತಿಕನಾಗಿ ಹೋಗಬೇಕೆಂದು ಅವರು ನಿಶ್ಚಯಿಸಿಕೊಂಡರು. ೧೭೯೨ರ ಅಕ್ಟೋಬರಿನಲ್ಲಿ ಕೆಟರಿಂಗ್ ಪಟ್ಟಣದಲ್ಲಿ ಕೆಲವು ಬಡ ಬೋಧಕರು ಕೂಡಿ ಬ್ಯಾಪ್ಟಿಸ್ಟ್ ಮಿಶನನ್ನು ಸ್ಥಾಪಿಸಿದಾಗಲೂ ಅವರ ಮನಸ್ಸು ಇದ್ದುದು ಆ ದ್ವೀಪದ ಮೇಲೆಯೇ. ಆದರೆ ಬಂಗಾಳದಲ್ಲಿ ಇದ್ದು ಬಂದ ಥಾಮಸ್ ಎಂಬ ವೈದ್ಯನ ಮಾತು ಕೇಳಿ ಮಿಶನಿನವರು ಹಿಂದೂದೇಶವನ್ನು ಆರಿಸಿದರು. ಕೇರಿ ಸಾಹೇಬರು ತಾಹಿತಿಯನ್ನು ಎಂದಿಗೂ ನೋಡಲಿಲ್ಲ. ೧೭೯೭ರಲ್ಲಿ ಬೇರೊಂದು ಸಂಘದವರು ಅಲ್ಲಿಗೆ ಹೋದರು.

ಇಲ್ಲಿ ಒಂದು ಸಂಗತಿಯನ್ನು ನಾವು ಮುಚ್ಚಿಡಲಾರೆವು. ಇವರ ಹೆಂಡತಿ ಡಾರೊಥಿಯಮ್ಮನಿಗೆ ಸಮುದ್ರ ದಾಟುವ ಮನಸ್ಸೇ ಇರಲಿಲ್ಲ. ಮೊದಲು ಆಕೆ ಒಲ್ಲೆನೆಂದಳು. ಕಡೆಗೆ ತಂಗಿ ಕೂಡ ಬರುವುದಾದರೆ ಎಂದು ಒಪ್ಪಿ, ಒಂದು ತಿಂಗಳ ಕೂಸನ್ನೆತ್ತಿಕೊಂಡು ೧೭೯೩ರ ಜೂನ್ ೧೩ರಂದು ದಾನಿಷ್ ಹಡಗನ್ನು ಹತ್ತಿದಳು. ಮರುವರ್ಷ ಮುದ್ನಾಬತಿಯ ನೀಲಿ ಕಾರ್ಖಾನೆಯ ಬಳಿ ಐದು ವರ್ಷದ ಪೀಟರನು ಭೇದಿಯಿಂದ ತೀರಿಹೋದನು. ಆ ದುಃಖದಿಂದ ಕದಡಿದ ಆಕೆಯ ಬುದ್ಧಿಯು ತಿರಿಗಿ ಸ್ವಸ್ಥವಾಗಲೇ ಇಲ್ಲ. ೧೮೦೭ರ ಡಿಸೆಂಬರಿನಲ್ಲಿ ಸಾಯುವ ಪರ್ಯಂತ ಆಕೆ ಹಾಗೆಯೇ ಇದ್ದಳು. ಪಕ್ಕದ ಕೋಣೆಯಲ್ಲಿ ಗಂಡನು ಭಾಷಾಂತರ ಮಾಡುತ್ತಿದ್ದನು. ಇದರಲ್ಲಿ ತಪ್ಪು ಎಷ್ಟು, ವಿಧಿ ಎಷ್ಟು ಎಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ಸುಖವಾದ ಸಂಸಾರವೆಂಬುದೂ ಆ ಎರಡನೆಯ ಪಟ್ಟಿಯಲ್ಲಿ ಸೇರತಕ್ಕದ್ದೇ, ಮತ್ತು ಅದರ ನಷ್ಟವನ್ನು ಹೆಚ್ಚಾಗಿ ತೆತ್ತವಳು ಆಕೆಯೇ.

೧೮೦೦ರಲ್ಲಿ ಅವರು ದಾನಿಷರ ವಶದಲ್ಲಿದ್ದ ಶ್ರೀರಾಮಪುರಕ್ಕೆ ಬಂದುದು, ಮಾರ್ಷ್‌ಮನ್ ಮತ್ತು ವಾರ್ಡ್ ಎಂಬ ಜೊತೆಗಾರರೊಡನೆ ಒಂದೇ ಅಡಿಗೆಯಲ್ಲಿ ಉಂಡು ಒಂದೇ ಬೊಕ್ಕಸದಿಂದ ಬದುಕಿದುದು, ಏಳು ವರ್ಷ ಕಾದ ಮೇಲೆ ಆ ಡಿಸೆಂಬರ್ ೨೮ರಂದು ಬಡಗಿ ಕೃಷ್ಣಪಾಲನಿಗೆ ದೀಕ್ಷಾಸ್ನಾನವಾದುದು, ೧೮೦೧ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಟುದು, ಅದೇ ವರ್ಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಉಪಾಧ್ಯಾಯರಾದುದು, ಇವೆಲ್ಲಾ ವಾಚಕರು ಕೇಳಿದ ಕಥೆಗಳು. ೧೮೦೬ರಲ್ಲಿ ಅವರಿಗೊಂದು ದೊಡ್ಡ ಯೋಚನೆ ಹೊಳೆಯಿತು: ಎಲ್ಲಾ ಸಭಾಪಂಗಡಗಳ ಮಿಶನರಿಗಳೂ ಹತ್ತು ವರ್ಷಕ್ಕೊಮ್ಮೆ ಆಫ್ರಿಕದ ತುದಿಯಲ್ಲಿರುವ ಕೇಪ್ ಎಂಬಲ್ಲಿ ಕೂಡಬೇಕು, ೧೮೧೦ರಲ್ಲಿ ಮೊದಲನೆಯ ಕೂಟ ನಡೆಯಬೇಕು. ಮಿಶನಿನ ಕಾರ್ಯದರ್ಶಿ ಫುಲ್ಲರ್ ಸಾಹೇಬರು ಅದನ್ನು ಸೊಗಸಾದ ಕನಸೆಂದೆಣಿಸಿ ಪಕ್ಕಕ್ಕಿಟ್ಟುಬಿಟ್ಟರು. ಸರಿಯಾಗಿ ನೂರು ವರ್ಷದ ಮೇಲೆ, ೧೯೧೦ರಲ್ಲಿ, ಎಡಿನ್‌ಬರೋ ಪಟ್ಟಣದಲ್ಲಿ ಅಂಥದೊಂದು ಕೂಟ ಸೇರಿತು. ೨೦೧೦ರಲ್ಲಿ ಕೇಪ್ ಟೌನಿನಲ್ಲಿಯೇ ಇನ್ನೊಂದು ನಡೆಯಿತು. ಕೇರಿ ಸಾಹೇಬರಿಗೆ ಅದರಿಂದ ಆದ ಲಾಭವೇನೂ ಇಲ್ಲ. ಅವರು ಕಾಗದ ಬರೆದು ಉತ್ತರ ಓದಿ ಸುಮ್ಮನಾದರು.

ಸುಮ್ಮನಾಗುವುದಕ್ಕೆ ಒಂದು ಕಾರಣವಿತ್ತು. ಆ ವೇಳೆಗೆ ಅವರ ಮನಸ್ಸೆಲ್ಲಾ ಒಂದು ಮಹಾ ನಿಘಂಟಿನಲ್ಲಿ ನೆಟ್ಟಿತ್ತು. ಸಂಸ್ಕೃತ ಶಬ್ದಗಳನ್ನು ಅಡಿಪಾಯವಾಗಿಟ್ಟು, ಪ್ರತಿಯೊಂದರ ಎದುರಿಗೆ ಈ ದೇಶದ ಬೇರೆ ಬೇರೆ ಭಾಷೆಗಳಲ್ಲಿ ಅದಕ್ಕೆ ಸರಿಯಾದ ಶಬ್ದಗಳನ್ನೂ, ಅವುಗಳ ಕೂಡ ಗ್ರೀಕ ಮತ್ತು ಇಬ್ರಿಯ ಶಬ್ದಗಳನ್ನೂ ಕೊಡುವುದು ಅವರ ಉದ್ದೇಶ. ತಮ್ಮ ಭಾಷಾಂತರಗಳಲ್ಲಿ ದೋಷಗಳಿವೆಯೆಂಬುದನ್ನು ಅವರು ಯಾರಿಗಿಂತಲೂ ಚೆನ್ನಾಗಿ ಬಲ್ಲವರಾಗಿದ್ದರು. ತಾವು ಸತ್ತ ಮೇಲೆ ಬರುವವರು ಈ ನಿಘಂಟನ್ನು ಕೈಯಲ್ಲಿ ಹಿಡಿದು ಆ ದೋಷಗಳನ್ನು ತಿದ್ದಬೇಕು ಎಂಬುದೇ ಅವರ ಲೆಕ್ಕ. ಬೇರೆಲ್ಲಾ ಪುಸ್ತಕಗಳೂ ಹಳತಾಗಬಹುದು, ಇದು ಮಾತ್ರ ನಿಲ್ಲಬೇಕು. ಕಾಲೇಜಿನ ಪಂಡಿತರ ಸಹಾಯದಿಂದ ವರ್ಷಗಟ್ಟಲೆ ಶಬ್ದಗಳನ್ನು ಕೂಡಿಸುತ್ತಾ ಅವರು ಐವತ್ತನೆಯ ವಯಸ್ಸನ್ನು ಮುಟ್ಟಿದರು.

೧೮೧೨ನೆಯ ಇಸವಿ ಮಾರ್ಚ್ ೧೧, ಬುಧವಾರ. ಕೇರಿ ಸಾಹೇಬರು ಪಾಠ ಹೇಳಲು ಕಲ್ಕತ್ತೆಗೆ ಹೋಗಿದ್ದರು. ಸಂಜೆ ಇನ್ನೂರು ಅಡಿ ಉದ್ದದ ಅಚ್ಚುಕೂಟದೊಳಗೆ ಕಾಗದದ ಉಗ್ರಾಣದಿಂದ ಹೊಗೆ ಏಳುವುದನ್ನು ವಾರ್ಡ್ ಸಾಹೇಬರು ಕಂಡು, ಗಾಳಿ ಸೇರದಂತೆ ಬಾಗಿಲು ಕಿಟಕಿಗಳನ್ನೆಲ್ಲಾ ಮುಚ್ಚಿಸಿ, ಚಾವಣಿಯಲ್ಲಿ ತೂತು ಮಾಡಿಸಿ, ನಾಲ್ಕು ಗಳಿಗೆಯಲ್ಲ, ನಾಲ್ಕು ತಾಸು ನೀರು ಹೊಯ್ಯಿಸಿದರು. ಬೆಂಕಿಯು ಬಹಳ ಮಟ್ಟಿಗೆ ತಗ್ಗಿತ್ತು. ಅಷ್ಟರಲ್ಲಿ ಯಾರೋ ಸಹಾಯ ಮಾಡುವ ಆತುರದಿಂದ ಒಂದು ಕಿಟಕಿಯನ್ನು ತೆರೆದರು. ಗಾಳಿ ನುಗ್ಗಿತು, ಉರಿಯು ಈ ತುದಿಯಿಂದ ಆ ತುದಿಗೆ ಓಡಿತು, ಮಧ್ಯರಾತ್ರಿಗೆ ಚಾವಣಿ ಕುಸಿದು ಬಿತ್ತು. ಹದಿನಾಲ್ಕು ಭಾಷೆಗಳ ಅಚ್ಚಿನ ಮೊಳೆಗಳು ಕರಗಿ ಸೀಸದ ಹೆಂಟೆಗಳಾದವು. ಕಿಟಕಿ ತೆರೆದವನ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಅದು ಒಳ್ಳೆಯದೇ ಆಯಿತು.

ಮರುದಿನ ಮುಂಜಾನೆ ಮಾರ್ಷ್‌ಮನ್ ಸಾಹೇಬರು ಕಲ್ಕತ್ತೆಗೆ ಹೋಗಿ ಸುದ್ದಿ ತಿಳಿಸಿದಾಗ ಕೇರಿ ಸಾಹೇಬರ ಬಾಯಿಂದ ಕೊಂಚ ಹೊತ್ತು ಮಾತು ಹೊರಡಲಿಲ್ಲ. ಹಿಂತಿರುಗಿ ಬಂದು ಇನ್ನೂ ಹೊಗೆಯಾಡುತ್ತಿದ್ದ ಬೂದಿಯ ನಡುವೆ ನಡೆದಾಡುವಾಗ ಅವರ ಕಣ್ಣಲ್ಲಿ ನೀರಿತ್ತು. ಅಚ್ಚಿನ ಯಂತ್ರಗಳು ಉಳಿದಿದ್ದವು. ಮೊಳೆ ಎರಕ ಹೊಯ್ಯುವ ಅಚ್ಚುಗಳು ಬೂದಿಯ ಕೆಳಗೆ ಕೆಡದೆ ದೊರೆತವು. ಅವುಗಳಿಂದ ಕೆಲವೇ ವಾರಗಳಲ್ಲಿ ಹೊಸ ಮೊಳೆಗಳನ್ನು ಎರೆಯತೊಡಗಿದರು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಮೇಲೆ ಎರಡು ತಿಂಗಳೊಳಗೆ ಅಲ್ಲಿಯ ಸಭೆಗಳು ಸುಮಾರು ಹತ್ತು ಸಾವಿರ ಪೌಂಡುಗಳನ್ನು ಕೂಡಿಸಿದವು. ಹಣದಿಂದ ತುಂಬಬಹುದಾದ ನಷ್ಟವೆಲ್ಲಾ ತುಂಬಿತು. ಆದರೆ ಕೈಬರಹಗಳನ್ನು ಯಾವ ಸಭೆಯ ಕಾಣಿಕೆಯಿಂದ ತರಿಸುವುದು? ತೆಲುಗು ವ್ಯಾಕರಣವು ಪೂರ್ತಿಯಾಗಿ ಸುಟ್ಟುಹೋಗಿತ್ತು, ಪಂಜಾಬಿಯದು ಬಹಳ ಮಟ್ಟಿಗೆ. ಸಂಸ್ಕೃತದ ಹಳೇ ಒಡಂಬಡಿಕೆಯ ಭಾಗಗಳೂ ಹೋಗಿದ್ದವು. ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಕೈಬರಹವೂ ಅದೇ ರಾತ್ರಿ ಬೂದಿಯಾಯಿತು. ಮಹಾ ನಿಘಂಟಿನ ಕೈಬರಹವೂ ಬೆಂಕಿಯ ಪಾಲಾಯಿತು.

ಮುಂದಿನ ಭಾನುವಾರ ಅವರು ೪೬ನೆಯ ಕೀರ್ತನೆಯ ಒಂದು ವಚನವನ್ನು ಆಧಾರ ಮಾಡಿಕೊಂಡು ಪ್ರಸಂಗ ಮಾಡಿದರು. ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಾರಿ ನಡೆಯುವುದು ಹಗುರ ಎಂಬುದಾಗಿ ಸ್ನೇಹಿತರಿಗೆ ಸಮಾಧಾನ ಹೇಳಿದರು. ವ್ಯಾಕರಣಗಳ ವಿಷಯದಲ್ಲಿ ಈ ಮಾತು ದಿಟವಾಯಿತು: ಪಂಜಾಬಿಯದು ಅದೇ ೧೮೧೨ರಲ್ಲಿಯೂ, ತೆಲುಗಿನದು ೧೮೧೪ರಲ್ಲಿಯೂ ಹೊರಬಂದವು, ೧೮೧೭ರಲ್ಲಿ ಕರ್ನಾಟಕ ಭಾಷೆಯ ವ್ಯಾಕರಣವೂ ಅಚ್ಚಾಯಿತು. ಆದರೆ ನಿಘಂಟಿನ ದಾರಿಯನ್ನು ಅವರು ಎರಡನೆಯ ಸಾರಿ ನಡೆಯಲಿಲ್ಲ. ಬಂಗಾಳಿಯೊಂದಕ್ಕೇ ನಿಘಂಟನ್ನು ಮಾಡಿ ೧೮೨೫ರಲ್ಲಿ ಮುಗಿಸಿದರು. ಎಲ್ಲಾ ಭಾಷೆಗಳ ಆ ಮಹಾಗ್ರಂಥವನ್ನು ಕೈಬಿಟ್ಟರು. ಪ್ರಸಂಗದಲ್ಲಿ ಹೇಳಿದುದನ್ನು ಒಪ್ಪಿಕೊಳ್ಳಲು ಒಂದು ಭಾನುವಾರ ಸಾಕಾಗುತ್ತದೆಂದು ನಾವು ನಂಬುವುದಿಲ್ಲ. ಅದಕ್ಕೆ ಅವರಿಗೆ ಉಳಿದ ಇಪ್ಪತ್ತೆರಡು ವರ್ಷಗಳೂ ಬೇಕಾದವೆಂದು ನಮಗೆ ತೋರುತ್ತದೆ.

ಕನ್ನಡನಾಡನ್ನು ಅವರು ಕಣ್ಣಾರೆ ಕಂಡವರಲ್ಲ. ಆದಾಗ್ಯೂ ಸುಟ್ಟುಹೋದ ಹೊಸ ಒಡಂಬಡಿಕೆಯನ್ನು ಶ್ರೀರಾಮಪುರದಲ್ಲಿ ಪಂಡಿತರ ಸಹಾಯದಿಂದ ಮೊದಲಿನಿಂದ ಮಾಡಿಸಿ, ೧೮೨೦ರ ನಂತರದ ವರ್ಷಗಳಲ್ಲಿ ಅಚ್ಚು ಹಾಕಿಸಿದರು. ಆದರೆ ಅಷ್ಟು ಹೊತ್ತಿಗೆ ಬಳ್ಳಾರಿಯಲ್ಲಿದ್ದ ಲಂಡನ್ ಮಿಶನಿನ ಹ್ಯಾಂಡ್ಸ್ ಸಾಹೇಬರು ಕನ್ನಡ ಮಾತಾಡುವ ಜನರ ನಡುವೆಯೇ ಇದ್ದು ತಮ್ಮ ಭಾಷಾಂತರವನ್ನು ಮಾಡುತ್ತಿದ್ದರು. ನಮ್ಮ ಪೂರ್ವಿಕರ ಕೈಗೆ ಬಂದುದು ಆ ಕೆಲಸವೇ ಹೊರತು ಶ್ರೀರಾಮಪುರದ್ದಲ್ಲ. ಎರಡು ಸಾರಿ ಮಾಡಿದ ಕೆಲಸವು ಹೀಗೆ ಮೂಲೆಗೆ ಬಿತ್ತು. ಇನ್ನೂ ಅನೇಕ ಭಾಷೆಗಳಲ್ಲಿ ಹೀಗೆಯೇ ಆಯಿತು. ಇಷ್ಟೊಂದು ಭಾಷೆಗಳನ್ನು ಒಬ್ಬನೇ ಮನುಷ್ಯನು ಒಂದೇ ಜೀವಮಾನದಲ್ಲಿ ಹಿಡಿಯಹೋದದ್ದು ಅಳತೆ ಮೀರಿದ ಕೆಲಸವೆಂದು ಹೇಳಿದರೆ ಅವರ ಗೌರವಕ್ಕೆ ಕುಂದೆಂದು ನಾವು ಎಣಿಸುವುದಿಲ್ಲ.

ಪುಸ್ತಕಗಳಿಗಿಂತ ಹೆಚ್ಚಾಗಿ ಅವರ ಎದೆಯನ್ನು ಮುಟ್ಟಿದ ಆಸೆಯು ಹಿರಿಯ ಮಗನಾದ ಫೆಲಿಕ್ಸನ ಮೇಲಿನದು. ಕೃಷ್ಣಪಾಲನು ದೀಕ್ಷಾಸ್ನಾನ ಹೊಂದಿದ ದಿನವೇ ಅದೇ ಗಂಗೆಯ ನೀರಿನಲ್ಲಿ ಈ ಮಗನಿಗೂ ದೀಕ್ಷಾಸ್ನಾನವಾಗಿತ್ತು. ಅವನು ಬಂಗಾಳಿಯನ್ನು ತಾಯಿಮಾತಿನಂತೆ ಆಡುತ್ತಿದ್ದನು; ವೈದ್ಯವನ್ನೂ ಕಲಿತು ಬರ್ಮಾ ದೇಶಕ್ಕೆ ಮಿಶನರಿಯಾಗಿ ಹೋದನು. ತಂದೆಗೆ ಅದಕ್ಕಿಂತ ಹೆಚ್ಚಿನ ಸಂತೋಷ ಬೇಕಿರಲಿಲ್ಲ. ೧೮೧೪ರಲ್ಲಿ ಅಚ್ಚಿನ ಯಂತ್ರವನ್ನೂ ಸಂಸಾರವನ್ನೂ ದೋಣಿಗೇರಿಸಿಕೊಂಡು ಐರಾವತಿ ನದಿಯಲ್ಲಿ ರಾಜಧಾನಿಗೆ ಹೋಗುತ್ತಿರುವಾಗ ದೋಣಿ ಮಗುಚಿಕೊಂಡು ಅವನ ಹೆಂಡತಿಮಕ್ಕಳು ಮುಳುಗಿ ಸತ್ತರು. ತರುವಾಯ ಬರ್ಮಾದ ಅರಸನು ಅವನನ್ನು ತನ್ನ ರಾಯಭಾರಿಯಾಗಿ ಕಲ್ಕತ್ತೆಗೆ ಕಳುಹಿಸಿದನು. ಲೋಕದ ಕಣ್ಣಿಗೆ ಅದು ಏರಿಕೆ. ತಂದೆಯ ಕಣ್ಣಿಗೆ ಇಳಿಕೆ; ಅದನ್ನು ಅವರು ಸ್ನೇಹಿತರಿಗೆ ಬರೆಯದೆ ಇರಲಿಲ್ಲ. ರಾಯಭಾರವೂ ಕೆಟ್ಟು, ಸಾಲದಲ್ಲಿಯೂ ದುಃಖದಲ್ಲಿಯೂ ಬಿದ್ದ ಮಗನು ಗಡಿನಾಡಿನ ಕಾಡುಗಳಲ್ಲಿ ಸುಮಾರು ಮೂರು ವರ್ಷ ಅಲೆದನು. ಕಡೆಗೆ ವಾರ್ಡ್ ಸಾಹೇಬರು ಅವನನ್ನು ಚಿತ್ತಗಾಂಗಿನಲ್ಲಿ ಕಂಡು ಮನೆಗೆ ಕರತಂದರು.

ಮನೆಗೆ ಬಂದ ಫೆಲಿಕ್ಸನು ತಂದೆಯ ಪಕ್ಕದಲ್ಲಿ ಕೂತು ಬಂಗಾಳಿಯಲ್ಲಿ ಶರೀರಶಾಸ್ತ್ರದ ಪುಸ್ತಕವನ್ನು ಬರೆದನು, ಯಾತ್ರಿಕನ ಸಂಚಾರವನ್ನು ಭಾಷಾಂತರಿಸಿದನು, ಕರಡಚ್ಚುಗಳನ್ನು ತಿದ್ದಿದನು. ತಂದೆಯು ಬಯಸಿದ್ದ ಮಗನು ಬರಲಿಲ್ಲ. ಈ ಮಗನು ಬಂದನು. ಇಬ್ಬರೂ ಒಂದೇ ಮೇಜಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದರು. ೧೮೨೨ರ ನವೆಂಬರಿನಲ್ಲಿ ಫೆಲಿಕ್ಸನು ತೀರಿಕೊಂಡನು.

ಅದರ ಹಿಂದಿನ ವರ್ಷವೇ ಎರಡನೆಯ ಹೆಂಡತಿಯಾದ ಷಾರ್ಲೋಟ್ ಅಮ್ಮನವರು ತೀರಿಹೋಗಿದ್ದರು. ೧೮೨೩ರ ಮಾರ್ಚಿನಲ್ಲಿ ವಾರ್ಡ್ ಸಾಹೇಬರನ್ನು ವಾಂತಿಭೇದಿಯು ಒಂದೇ ದಿನದಲ್ಲಿ ಒಯ್ದಿತು. ಅದೇ ಅಕ್ಟೋಬರಿನಲ್ಲಿ ರಾತ್ರಿ ದೋಣಿಯಿಂದಿಳಿಯುವಾಗ ಕೇರಿ ಸಾಹೇಬರು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ತಗಲಿ ಹಾಸಿಗೆ ಹಿಡಿದರು. ಹಾಸಿಗೆಯಲ್ಲಿರುವಾಗಲೇ ನೆರೆ ಬಂದು ಅವರ ತೋಟವನ್ನು ಕೊಚ್ಚಿಕೊಂಡು ಹೋಯಿತು, ಮನೆಯನ್ನೂ ಬಿಡಬೇಕಾಯಿತು. ಇಂಗ್ಲೆಂಡಿನಿಂದ ಬಂದ ಕಿರಿಯ ಮಿಶನರಿಗಳು ಹಿರಿಯರೊಡನೆ ಹೊಂದಲಾರದೆ ಕಲ್ಕತ್ತೆಯಲ್ಲಿ ಬೇರೆಯಾಗಿ ನಿಂತಿದ್ದರು. ಅವರಲ್ಲಿ ಕೇರಿ ಸಾಹೇಬರ ತಮ್ಮನ ಮಗನೂ ಒಬ್ಬನು. ಆಸ್ತಿಯ ವಿಷಯವಾಗಿ ಇಂಗ್ಲೆಂಡಿನಲ್ಲಿ ಅಪವಾದಗಳೆದ್ದವು. ತಿಂಗಳಿಗೆ ಸಾವಿರ ರೂಪಾಯಿ ಸಂಬಳ ತೆಗೆದುಕೊಂಡು ಅದನ್ನೆಲ್ಲಾ ಮಿಶನಿಗೇ ಸುರಿದವನನ್ನು ಸಿರಿವಂತನೆಂದು ಜನರು ಆಡಿಕೊಂಡರು. ೧೮೨೭ರಲ್ಲಿ ಶ್ರೀರಾಮಪುರವು ಅವರೇ ಹುಟ್ಟಿಸಿದ ಮಿಶನಿನಿಂದ ಅಗಲಿತು. ತಿರಿಗಿ ಕೂಡಿದ್ದು ೧೮೩೭ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ೧೮೩೦ರಲ್ಲಿ ಕಲ್ಕತ್ತೆಯ ಪಾಮರ್ ಕಂಪೆನಿ ಮುಳುಗಿ, ಅದರ ಹಿಂದೆ ಬೇರೆ ಕಂಪೆನಿಗಳೂ ಮುಳುಗಿ, ಮಿಶನಿನ ಠೇವಣಿಗಳು ಹೋದವು. ಫೋರ್ಟ್ ವಿಲಿಯಂ ಕಾಲೇಜಿನ ಉದ್ಯೋಗವೂ ನಿಂತಿತು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಹೊರಟ ಜಾಗಕ್ಕೇ ಬಂದು ನಿಂತಂತಾಯಿತು.

ತಡವಾಗಿ ಈಡೇರಿದವೂ ಕೆಲವುಂಟು. ೧೭೯೯ರಲ್ಲಿ ಒಬ್ಬ ವಿಧವೆಯು ಚಿತೆಯೇರುವುದನ್ನು ಕಂಡು ತಡೆಯಲಾರದೆ ಹೋದವರು, ೧೮೨೯ರ ಡಿಸೆಂಬರಿನಲ್ಲಿ ಸಹಗಮನವನ್ನು ನಿಷೇಧಿಸುವ ಸರ್ಕಾರಿ ಆಜ್ಞೆಯನ್ನು ತಾವೇ ಬಂಗಾಳಿಗೆ ತಿರುಗಿಸಿದರು. ಅದು ಭಾನುವಾರ ಕೈಸೇರಿದ್ದರಿಂದ ಪ್ರಸಂಗವನ್ನು ಇನ್ನೊಬ್ಬರಿಗೆ ಒಪ್ಪಿಸಿ ಸಂಜೆಯೊಳಗೆ ಮುಗಿಸಿದರು. ೧೮೧೮ರಲ್ಲಿ ಸ್ಥಾಪಿಸಿದ ಕಾಲೇಜಿಗೆ ದಾನಿಷ್ ಅರಸನ ಸನ್ನದು ದೊರೆಯಿತು. ಇಂದಿಗೂ ಮಂಗಳೂರಿನ ದೈವಜ್ಞಾನ ಕಾಲೇಜಿನಲ್ಲಿ ಓದುವ ನಮ್ಮ ಬೋಧಕರಿಗೆ ಪದವಿ ಬರುವುದು ಶ್ರೀರಾಮಪುರದ ಹೆಸರಿನಿಂದಲೇ.

ಆದರೆ ಆ ಕಡೆಯ ವರ್ಷಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಯಾವುದೆಂದು ಕೇಳಿದರೆ, ಎರಡು ಚಿಕ್ಕ ಕೆಲಸಗಳೆಂದು ನಾವು ಹೇಳುವೆವು. ಒಂದು, ಬಂಗಾಳಿ ಸತ್ಯವೇದವನ್ನು ತಿದ್ದುವುದು. ಮೂವತ್ತು ವರ್ಷ ಹಿಂದೆ ಮಾಡಿದುದನ್ನೇ ತಿರಿಗಿ ತಿದ್ದಿ, ಕೊನೆಯ ಪರಿಷ್ಕರಣವನ್ನು ೧೮೩೨ರಲ್ಲಿ ಮುಗಿಸಿದರು. ಎಲ್ಲಾ ಭಾಷೆಗಳನ್ನೂ ಬಯಸಿದವರು ಒಂದೇ ಭಾಷೆಗೆ ಬಂದು ಸೇರಿದ್ದರು.

ಇನ್ನೊಂದು, ತೋಟ. ನೆರೆ ಕೊಚ್ಚಿಕೊಂಡು ಹೋದ ಐದು ಎಕರೆಯನ್ನು ಊರುಗೋಲಿನಲ್ಲಿ ನಡೆಯುತ್ತಾ ಮತ್ತೆ ನೆಟ್ಟರು. ಗಿಡದ ವಿಷಯದಲ್ಲಿ ಅವರು ದೊಡ್ಡ ಪಂಡಿತರು. ನಮ್ಮ ಕಾಡುಗಳಲ್ಲಿಯೂ ಬೆಳೆಯುವ ಕವಲುಮರದ ಜಾತಿಗೆ ಸಸ್ಯಶಾಸ್ತ್ರದಲ್ಲಿ ಇಟ್ಟಿರುವ ಕೇರೀಯಾ ಎಂಬ ಹೆಸರು ಅವರದೇ. ಒಂದು ಸಾರಿ ಇಂಗ್ಲೆಂಡಿನಿಂದ ಬಂದ ಬೀಜದ ಚೀಲವನ್ನು ಬರಿದು ಮಾಡಿ, ಅದರ ಅಡಿಯಲ್ಲಿದ್ದ ಮಣ್ಣನ್ನು ನೆರಳಿನ ಮೂಲೆಯಲ್ಲಿ ಕೊಡವಿದರಂತೆ. ಕೆಲವು ದಿನಗಳ ಮೇಲೆ ಅಲ್ಲಿ ಡೇಸಿ ಎಂಬ ಪುಟ್ಟ ಹುಲ್ಲುಹೂವು ಅರಳಿತು. ಹುಟ್ಟೂರಿನ ಬಯಲಿನಲ್ಲಿ ಕಾಲಿಗೆ ಸಿಕ್ಕುವ ಆ ಹೂವನ್ನು ಅವರು ಮೂವತ್ತು ವರ್ಷ ನೋಡಿರಲಿಲ್ಲ. ನಮ್ಮ ಸೆಕೆಯಲ್ಲಿ ಅದು ಬಾಳುವುದಿಲ್ಲವಾದ್ದರಿಂದ ವರ್ಷವರ್ಷವೂ ಬೀಜ ತೆಗೆದಿಟ್ಟು ಹೊಸದಾಗಿ ಬಿತ್ತುತ್ತಿದ್ದರು. ೧೭೯೩ರಲ್ಲಿ ಬಿಟ್ಟುಬಂದ ಇಂಗ್ಲೆಂಡಿಗೆ ಅವರು ಒಮ್ಮೆಯಾದರೂ ಹಿಂತಿರುಗಿದವರಲ್ಲ.

ನಡೆಯಲಾರದಾದಾಗ ಗಾಲಿಕುರ್ಚಿಯಲ್ಲಿ ಕೂರಿಸಿ ತೋಟಕ್ಕೆ ಕರೆದೊಯ್ಯುತ್ತಿದ್ದರು. ಅದೂ ಆಗದಿದ್ದಾಗ ಮಾಲಿಯು ಕೋಣೆಗೇ ಬಂದು ಯಾವ ಗಿಡ ಚಿಗುರಿತು, ಯಾವುದು ಒಣಗಿತು ಎಂದು ಒಪ್ಪಿಸುತ್ತಿದ್ದನು. ಆ ದಿನಗಳಲ್ಲಿ ಒಮ್ಮೆ ಅವರ ಮುಖ ಬಹಳ ಬಾಡಿತ್ತು. ನಿಘಂಟು ಹೋಯಿತೆಂದಲ್ಲ, ಮಿಶನು ಒಡೆಯಿತೆಂದೂ ಅಲ್ಲ. ತಾವು ಸತ್ತ ಮೇಲೆ ಮಾರ್ಷ್‌ಮನ್ ಸಾಹೇಬರು ತೋಟದೊಳಗೆ ದನಗಳನ್ನು ಬಿಟ್ಟುಬಿಡುವರೆಂಬ ಚಿಂತೆ! ಗಿಡಗಳಲ್ಲಿ ತಮಗೆ ಅಷ್ಟೊಂದು ರುಚಿಯಿಲ್ಲವಾದರೂ ಆ ತೋಟವನ್ನು ಪವಿತ್ರವಾದ ವಸ್ತುವಿನಂತೆ ಕಾಯುವೆನೆಂದು ಮಾರ್ಷ್‌ಮನ್ನರು ಮಾತು ಕೊಡಬೇಕಾಯಿತು.

೧೮೩೪ರ ಜೂನ್ ೯ರಂದು ಬೆಳಿಗ್ಗೆ ಅವರು ನಿದ್ರೆಹೋದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಮೂವರು ಮಂಗಳೂರಿಗೆ ಬಂದಿಳಿದರು. ಶ್ರೀರಾಮಪುರದ ಆಸ್ತಿಯಲ್ಲಿ ತಮಗೆ ಯಾವ ಹಕ್ಕೂ ಇಲ್ಲವೆಂದು ಮರಣಶಾಸನದಲ್ಲಿ ಬರೆದಿದ್ದರು. ಕಲ್ಲು, ಚಿಪ್ಪು, ಹುಳುಗಳ ಸಂಗ್ರಹವನ್ನೂ ಒಣಗಿಸಿಟ್ಟ ಗಿಡಗಳನ್ನೂ ಕಾಲೇಜಿಗೆ ಕೊಟ್ಟರು. ಬೇರೆ ಗಂಡುಮಕ್ಕಳಿಗೆ ತಲಾ ಸಾವಿರದೈನೂರು ರೂಪಾಯಿಗಳನ್ನು ಮೊದಲೇ ಕೊಟ್ಟಿದ್ದರು. ಜೇಬೆಜನಿಗೆ, ಅಂದರೆ ೧೭೯೩ರಲ್ಲಿ ತಾಯಿ ಎತ್ತಿಕೊಂಡು ಹಡಗು ಹತ್ತಿದ ಆ ಕೂಸಿಗೆ, ಕೊಡುವುದು ಉಳಿದಿತ್ತು. ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ ತಮ್ಮ ಪುಸ್ತಕಗಳನ್ನು ಮಾರಿ ಅವನ ಪಾಲನ್ನು ಸಲ್ಲಿಸಬೇಕೆಂದು ಆ ಶಾಸನದಲ್ಲಿಯೇ ಬರೆದಿಟ್ಟಿದ್ದರು.